ಚಿಕ್ಕ ಪ್ಲಗಿನ್ ಹೊರಗೆ ಬಿಡುವ ದಾರಿ: ನನ್ನ ಅನುಭವ

ಪ್ಲಗಿನ್ ಅಂದರೆ ಜಾಲತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ತಂತ್ರಾಂಶ. ನನ್ನದು ತುಂಬ ಚಿಕ್ಕದು. ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿದ ತಾಣದಲ್ಲಿ ದಿನಾಂಕಗಳನ್ನು ಕನ್ನಡ ಅಂಕಿಗಳಲ್ಲಿ ತೋರಿಸುತ್ತದೆ, ಅಷ್ಟೇ. ಬರೆಯಲು ಎರಡು ಸಂಜೆ ಸಾಕಾಯಿತು. ಅದನ್ನು ವರ್ಡ್‌ಪ್ರೆಸ್‌ನ ಪ್ಲಗಿನ್ ಡೈರೆಕ್ಟರಿಗೆ ಸೇರಿಸಿ ನಡೆಸಿಕೊಂಡು ಹೋಗುವುದನ್ನು ಕಲಿಯಲು ತಿಂಗಳುಗಳೇ ಹಿಡಿದವು.

ಸಲ್ಲಿಸುವುದೇನೋ ಸುಲಭ. 10 ಎಂಬಿ ಒಳಗಿನ ಜಿಪ್ ಫೈಲ್ ಕೊಟ್ಟರೆ ಸ್ವಯಂಸೇವಕರು ನೋಡಿ ಉತ್ತರ ಬರೆಯುತ್ತಾರೆ. ನನಗೆ ತಿದ್ದುಪಡಿ ಹೇಳಿ ವಾಪಸ್ ಬಂತು. ಫಂಕ್ಷನ್ ಹೆಸರುಗಳು ಬೇರೆ ಪ್ಲಗಿನ್‌ಗಳ ಹೆಸರಿಗೆ ಡಿಕ್ಕಿ ಹೊಡೆಯುವಂತಿದ್ದವು. ಪುಟಕ್ಕೆ ಬರೆಯುವ ಮಾಹಿತಿಯನ್ನು ಎಸ್ಕೇಪ್ ಮಾಡಿರಲಿಲ್ಲ, ಅಂದರೆ ಅದರೊಳಗೆ ಕೋಡ್ ಸೇರಿಕೊಂಡಿದ್ದರೆ ಅದು ಓಡದಂತೆ ತಡೆದಿರಲಿಲ್ಲ. ಎರಡೂ ನಿಜವಾದ ತಪ್ಪುಗಳೇ. ಈಗ ಕಳಿಸುವ ಮೊದಲೇ 'ಪ್ಲಗಿನ್ ಚೆಕ್' ಎಂಬ ತಪ್ಪು ಹುಡುಕುವ ಸಾಧನ ಓಡಿಸುತ್ತೇನೆ, ಇಂಥವು ಬಹಳಷ್ಟು ಅಲ್ಲೇ ಸಿಗುತ್ತವೆ. ಇನ್ನೊಂದು ಮಾತು: ಒಪ್ಪಿಗೆ ಸಿಕ್ಕ ಮೇಲೆ ಪ್ಲಗಿನ್‌ನ ವಿಳಾಸದಲ್ಲಿರುವ ಹೆಸರು ಬದಲಾಗುವುದಿಲ್ಲ. ಯೋಚಿಸಿ ಇಡಿ.

ಕಷ್ಟ ಶುರುವಾಗಿದ್ದು ಒಪ್ಪಿಗೆ ಸಿಕ್ಕ ಮೇಲೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನಗಳಲ್ಲಿ ನನಗೆ ಗೊತ್ತಿದ್ದದ್ದು ಗಿಟ್. ಡೈರೆಕ್ಟರಿ ನಡೆಯುವುದು ಅಂಥದ್ದೇ ಆದರೂ ಅದಕ್ಕಿಂತ ಹಳೆಯದಾದ ಸಬ್‌ವರ್ಶನ್ ಮೇಲೆ. ಅಲ್ಲಿ ಟ್ರಂಕ್ (ಇತ್ತೀಚಿನ ಕೋಡ್), ಟ್ಯಾಗ್ಸ್ (ಬಿಡುಗಡೆಯಾದ ಒಂದೊಂದು ಆವೃತ್ತಿ), ಅಸೆಟ್ಸ್ (ಡೈರೆಕ್ಟರಿ ಪುಟದ ಚಿತ್ರಗಳು) ಅಂತ ಮೂರು ಫೋಲ್ಡರ್. ಗಿಟ್‌ನಲ್ಲಿ ಮಾಡಿದ ಹಾಗೆ ಪ್ರತಿ ಸಣ್ಣ ಬದಲಾವಣೆಯನ್ನೂ ಅಲ್ಲಿಗೆ ಕಳಿಸುತ್ತಿದ್ದೆ. ಅದು ಕೆಲಸದ ಮೇಜಲ್ಲ, ಅಂಗಡಿಯ ಕಪಾಟು. ಸಿದ್ಧವಾದ ಸರಕನ್ನು ಮಾತ್ರ ಇಡಬೇಕು. ಇದು ತಲೆಗೆ ಹೊಕ್ಕ ಮೇಲೆ ಅರ್ಧ ಗೊಂದಲ ಹೋಯಿತು.

ಒಂದು ಸಲ ದೋಷ ಸರಿಪಡಿಸಿ ಟ್ಯಾಗ್ಸ್‌ನಲ್ಲಿ 1.0.1 ಫೋಲ್ಡರ್ ಹಾಕಿದೆ. ಟ್ರಂಕ್‌ನ ರೀಡ್‌ಮಿ ಫೈಲ್‌ನಲ್ಲಿ, ಯಾವ ಆವೃತ್ತಿ ಹಂಚಬೇಕು ಅಂತ ಹೇಳುವ 'ಸ್ಟೇಬಲ್ ಟ್ಯಾಗ್' ಸಾಲು 1.0.0 ಅಂತಲೇ ಉಳಿದಿತ್ತು. ಡೈರೆಕ್ಟರಿ ನಂಬುವುದು ಆ ಸಾಲನ್ನು. ಬಳಸುವವರಿಗೆ ಹಳೆಯ ದೋಷವೇ ಹೋಗುತ್ತಿತ್ತು. ಒಬ್ಬರು ಮತ್ತೆ ದೂರು ಬರೆದಾಗಲೇ ಗೊತ್ತಾಗಿದ್ದು. ತುಂಬ ಬೇಸರವಾಯಿತು.

ಆಮೇಲೆ ಕೆಲಸವೆಲ್ಲ, ಗಿಟ್ ಬಳಸಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ತಂದೆ. ಟೆನ್‌ಅಪ್ ಸಂಸ್ಥೆಯವರು ಮಾಡಿರುವ ಗಿಟ್‌ಹಬ್ ಆಕ್ಷನ್, ಅಂದರೆ ಅಲ್ಲಿ ತಾನಾಗಿ ನಡೆಯುವ ಕೆಲಸ, ಒಂದಿದೆ. ಗಿಟ್‌ನಲ್ಲಿ ಟ್ಯಾಗ್ (ಆವೃತ್ತಿಯ ಗುರುತು) ಹಾಕಿದರೆ ಅದೇ ಎಲ್ಲವನ್ನೂ ಸಬ್‌ವರ್ಶನ್‌ಗೆ ಒಯ್ಯುತ್ತದೆ. ಯಾವ ಫೈಲ್ ಹೋಗಬಾರದು ಅನ್ನುವುದನ್ನು ಡಿಸ್ಟ್‌ಇಗ್ನೋರ್ ಫೈಲ್‌ನಲ್ಲಿ ಬರೆದಿಟ್ಟರಾಯಿತು. ಸಬ್‌ವರ್ಶನ್ ಪಾಸ್‌ವರ್ಡ್ ಮಾತ್ರ ಗುಟ್ಟಿನ ಮಾಹಿತಿ ಇಡುವ ಗಿಟ್‌ಹಬ್‌ನ ಸೀಕ್ರೆಟ್ಸ್‌ನಲ್ಲೇ ಇರಲಿ, ಕೋಡ್‌ನಲ್ಲಿ ಬೇಡ.

ಆ ಆಕ್ಷನ್ ಓಡುವ ಮೊದಲು ನಡೆಯುವಂತೆ ನಾನೇ ಒಂದು ಹೆಜ್ಜೆ ಸೇರಿಸಿದೆ. ಟ್ಯಾಗ್‌ನ ಸಂಖ್ಯೆ, ಮುಖ್ಯ ಪಿಎಚ್‌ಪಿ ಫೈಲ್‌ನ ವರ್ಶನ್, ರೀಡ್‌ಮಿಯ ಸ್ಟೇಬಲ್ ಟ್ಯಾಗ್ ಈ ಮೂರೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಕೆಲಸ ಅಲ್ಲೇ ನಿಂತು, ಯಾವ ಫೈಲ್‌ನಲ್ಲಿ ಏನು ತಿದ್ದಬೇಕು ಅಂತ ಕನ್ನಡದಲ್ಲೇ ಹೇಳುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್. ನನ್ನ ಪ್ಲಗಿನ್‌ಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ನನ್ನ ಗೆಳತಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಪುಟ್ಟದೊಂದು ರಸಪ್ರಶ್ನೆ ಪ್ಲಗಿನ್ ಬರೆದಿದ್ದಳು. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಲು ಅವಳಿಗೆ ಭಯ. ಗಿಟ್‌ಹಬ್‌ನಲ್ಲಿರುವ ನನ್ನ ರೆಪೊ (ಕೋಡ್ ಇಡುವ ಜಾಗ) ನಕಲು ಮಾಡಿಕೊಟ್ಟೆ. ಈಗ ಬ್ರೌಸರ್‌ನಲ್ಲೇ ಫೈಲ್ ತಿದ್ದುತ್ತಾಳೆ, ರಿಲೀಸ್ ಪುಟದಲ್ಲಿ ಸಂಖ್ಯೆ ಬರೆದು ಬಟನ್ ಒತ್ತುತ್ತಾಳೆ. ಹೋದ ಸಲ ಸಂಖ್ಯೆ ತಪ್ಪಿ ಕೆಂಪು ಗುರುತು ಬಂದಾಗ ನನಗೆ ಫೋನ್ ಮಾಡಲೇ ಇಲ್ಲ. ಸಂದೇಶ ಓದಿ, ತಾನೇ ತಿದ್ದಿ, ಮತ್ತೆ ಕಳಿಸಿದ್ದಳು.