ಆನೆ ಎದುರು ಕುದುರೆ ಮಾತ್ರ ಉಳಿದಾಗ ಡ್ರಾ ಮಾಡೋದು ಹೇಗೆ

ಚೆಸ್ ಬೋರ್ಡ್ ಮೇಲೆ ಕಾಲಾಳು ಒಂದೂ ಇಲ್ಲ. ಎದುರಾಳಿಗೆ ರಾಜ, ಆನೆ. ನಿಮಗೆ ರಾಜ, ಕುದುರೆ. ಮಡಿಕೇರಿ, ವಿರಾಜಪೇಟೆ ಕಡೆಯ ಹುಡುಗರು ಇಲ್ಲಿಗೆ ಬಂದರೆ ಸಾಕು, ಆಟ ಮುಗೀತು ಅಂತ ಕೈ ಕುಲುಕಲು ಹೋಗುತ್ತಾರೆ. ಬೇಡ ಮಾರಾಯ್ರೇ! ಇದು ಹೆಚ್ಚಿನ ಸಲ ಡ್ರಾ.

ಮಾಡಬೇಕಾದ್ದು ಇಷ್ಟೇ: ಕುದುರೆಯನ್ನು ರಾಜನ ಪಕ್ಕ ಬಿಟ್ಟು ಕಳಿಸಬೇಡಿ. ರಾಜ ಇ8ರಲ್ಲಿ, ಕುದುರೆ ಎಫ್8ರಲ್ಲಿ ಇದೆ ಅಂದುಕೊಳ್ಳಿ (ಅಕ್ಷರ ಉದ್ದ ಸಾಲಿನದ್ದು, ಅಂಕಿ ಅಡ್ಡ ಸಾಲಿನದ್ದು). ಆ ಕುದುರೆ ಇ6 ಮನೆಯನ್ನು ಕಾಯುತ್ತದೆ, ಹಾಗಾಗಿ ಎದುರಾಳಿಯ ರಾಜ ನಿಮ್ಮ ರಾಜನ ಎದುರಿಗೆ ಬಂದು ನಿಲ್ಲುವ ಹಾಗಿಲ್ಲ, ಮತ್ತು ಅವನು ಹಾಗೆ ನಿಲ್ಲದೆ ಅಂಚಿನಲ್ಲಿ ಬರೀ ಆನೆಯಿಂದ ಮೇಟ್ ಮಾಡುವುದು, ಅಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಹಾಗೆ ಚೆಕ್ ಕೊಡುವುದು ಕಷ್ಟ. ಕುದುರೆ ಡಿ8ರಲ್ಲಿದ್ದರೂ ಅದೇ ಕೆಲಸ ಮಾಡುತ್ತದೆ.

ಅಂಚಿಗೆ ಹೋದರೆ ಭಯ ಇಲ್ಲ, ಮೂಲೆಗೆ ಹೋದರೆ ಕಥೆ ಬೇರೆ. ನಿಮ್ಮ ರಾಜ ಎಚ್8, ಕುದುರೆ ಜಿ7. ಅವರ ರಾಜ ಜಿ6, ಆನೆ ಎಫ್1. ಆನೆ ಸೀದಾ ಎಫ್8ಕ್ಕೆ ಬಂದರೆ ಮೇಟ್, ಯಾಕೆಂದರೆ ಕುದುರೆಗೆ ಜಿ8ಕ್ಕೆ ಬಂದು ಅಡ್ಡ ನಿಲ್ಲಲು ಆಗೋದಿಲ್ಲ, ಸಾಲದ್ದಕ್ಕೆ ನಿಮ್ಮ ರಾಜ ಎಚ್7ಕ್ಕೆ ಓಡದ ಹಾಗೆ ಅವರ ರಾಜ ಕಾಯುತ್ತಿದ್ದಾನೆ. ಕುದುರೆ ಜಿ8ರಲ್ಲೇ ಇದ್ದು ಅವರ ರಾಜ ಎಫ್7, ಆನೆ ಎ1ರಲ್ಲಿ ಇದ್ದರೂ ಕಷ್ಟವೇ. ಆನೆ ಎಚ್1ರಿಂದ ಚೆಕ್ ಕೊಡುತ್ತದೆ, ಕುದುರೆ ಎಚ್6ಕ್ಕೆ ಹಾರಿ ತಾನೂ ಚೆಕ್ ಕೊಡುತ್ತದೆ, ಆನೆ ಅದನ್ನು ಹೊಡೆದರೆ ಮೇಟ್. ಅದಕ್ಕೇ ಹಿಂದಿನ ಸಾಲಿಗೆ ತಳ್ಳಿದಾಗ ಡಿ, ಇ ಕಡೆ ಓಡಿ.

ಕುದುರೆ ದೂರ ಉಳಿದರೆ? ನಡುವಿನಲ್ಲಿ ಅದಕ್ಕೆ 8 ಮನೆ, ಮೂಲೆಯಲ್ಲಿ 2. ಎ1ರ ಕುದುರೆಗೆ ಬಿ3, ಸಿ2 ಮಾತ್ರ. ಆನೆ ಸಿ3ರಲ್ಲಿ ನಿಂತರೆ ಎರಡೂ ಬಂದ್. ನಿಮ್ಮ ರಾಜ ಹತ್ತಿರ ಇಲ್ಲದಿದ್ದರೆ ಅವರ ರಾಜ ನಿಧಾನವಾಗಿ ಬಂದು ಹೊಡೆದುಕೊಂಡು ಹೋಗುತ್ತಾನೆ.

ಗೊತ್ತಿರೋ ಡ್ರಾ ಅಂತ ಸುಮ್ನೆ ಆಡಿದರೂ ಆಗಲ್ಲ. 1996ರಲ್ಲಿ ಸ್ಪೇನ್‌ನ ಡೋಸ್ ಹೆರ್ಮಾನಸ್ ಟೂರ್ನಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಕಾಸ್ಪರೋವ್ ಎದುರು ಹಂಗೇರಿಯ ಗ್ರ್ಯಾಂಡ್‌ಮಾಸ್ಟರ್ ಯೂಡಿಟ್ ಪೋಲ್ಗಾರ್ ಡ್ರಾ ಆಗಬೇಕಿದ್ದ ಇದೇ ಅಂತ್ಯದಾಟವನ್ನು ಸೋತರು. ಅಂಥವರಿಗೇ ಹಾಗಾದರೆ ನಮ್ಮ ಪಾಡೇನು! ಆನೆ ಇರುವವರೂ ಇದನ್ನು ನೋಡಿ ಬೇಗ ಡ್ರಾ ಕೊಡಬೇಡಿ, ಸ್ವಲ್ಪ ಸತಾಯಿಸಿ.

ಆನೆಯವರಿಗೆ ಎರಡು ಮಾತು. ಕುದುರೆ ಒಂದೇ ನಡೆಯಲ್ಲಿ ರಾಜನಿಗೂ ಆನೆಗೂ ಗುರಿ ಇಡಬೇಕಾದರೆ ಅವೆರಡೂ ಒಂದೇ ಬಣ್ಣದ ಮನೆಯಲ್ಲಿ ಇರಬೇಕು. ಒಂದನ್ನು ಕಪ್ಪು, ಇನ್ನೊಂದನ್ನು ಬಿಳಿ ಮನೆಯಲ್ಲಿ ಇಟ್ಟರೆ ಆ ತಲೆನೋವೇ ಇಲ್ಲ. ಇನ್ನೊಂದು, ಕುದುರೆಯಿಂದ ಓರೆಯಾಗಿ ಎರಡು ಮನೆ ದೂರ ರಾಜನನ್ನು ನಿಲ್ಲಿಸಿ. ಕುದುರೆ ಇ5, ರಾಜ ಜಿ3 ಹೀಗೆ. ಅಲ್ಲಿಂದ ಚೆಕ್ ಕೊಡಲು ಅದಕ್ಕೆ 3 ನಡೆ ಬೇಕು. ಸುಮ್ನೆ ಚೆಕ್ ಮೇಲೆ ಚೆಕ್ ಕೊಡುತ್ತಾ ಹೋದರೆ ಏನೂ ಸಿಗೋದಿಲ್ಲ, ಕುದುರೆಯನ್ನು ರಾಜನಿಂದ ಬೇರೆ ಮಾಡಲು ನೋಡಿ.

ಕುದುರೆಯವರು ನಡೆ ಬರೆದುಕೊಳ್ಳುವುದನ್ನು ಬಿಡಬೇಡಿ. ಕಾಲಾಳು ನಡೆಯದೆ, ಏನೂ ಹೊಡೆಯದೆ ಇಬ್ಬರದ್ದೂ 50 ನಡೆ ಕಳೆದರೆ ಡ್ರಾ ಕೇಳಬಹುದು. ಕೇಳಬೇಕಾದ್ದು ನೀವೇ.

ಕಕ್ಕಡ ತಿಂಗಳ ಜೋರು ಮಳೆಗೆ ಕರೆಂಟ್, ನೆಟ್‌ವರ್ಕ್ ಎರಡೂ ಹೋದಾಗ ಮೊಬೈಲ್ ಬದಿಗಿಟ್ಟು ಅಣ್ಣನನ್ನೋ ತಂಗಿಯನ್ನೋ ಎದುರು ಕೂರಿಸಿಕೊಳ್ಳಿ. ಇ8, ಎಫ್8ರಿಂದ ಶುರು ಮಾಡಿ, ಆನೆಯವರಿಗೆ 50 ನಡೆ ಕೊಡಿ, ಆಮೇಲೆ ಬದಿ ಬದಲಿಸಿ.