ಕ್ಯೂಸೆಕ್ ಲೆಕ್ಕವೂ ಗುಡಿಯ ಮೆಟ್ಟಿಲೂ

ಕಂದಾಯ ಇಲಾಖೆಯಲ್ಲಿ ವಿಪತ್ತು ನಿರ್ವಹಣೆ ಎಂಬುದು ಪ್ರತ್ಯೇಕ ಹುದ್ದೆಯಾಗಿ ನನಗೆ ಎಂದೂ ಬಂದದ್ದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳು ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾಗಿರುತ್ತಾರೆ. ಆದರೆ ಹೊಳೆ ಉಕ್ಕಿದ ರಾತ್ರಿ ಊರಿನ ಅಗಸೆಯಲ್ಲಿ ನಿಲ್ಲಬೇಕಾದವರು ತಹಶೀಲ್ದಾರರು, ಅವರಿಗಿಂತ ಮೊದಲು ಗ್ರಾಮಲೆಕ್ಕಿಗರು (ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೆಸರು). ಪಹಣಿ, ಜಾತಿ ಪ್ರಮಾಣಪತ್ರ, ಚುನಾವಣೆಗಳ ನಡುವೆಯೇ ನಾನು ಈ ಕೆಲಸವನ್ನು ಕಲಿತೆ. ಅದರಲ್ಲಿ ಬಹುಪಾಲನ್ನು ತಪ್ಪು ಮಾಡಿಯೇ ಕಲಿತೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆಯ ಹೊತ್ತಿಗೆ ನಾನು ಮಲಪ್ರಭಾ ತೀರದ ಒಂದು ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದೆ. ಆ ಭಾಗದ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಎರಡು ದಿನ ಬಿಡದೆ ಮಳೆ ಹಿಡಿದರೆ ನೀರು ಕುಡಿದ ಮಾಳಿಗೆಯ ಭಾರಕ್ಕೆ ಗೋಡೆ ಕುಸಿಯುತ್ತದೆ, ಅದೂ ಹೆಚ್ಚಾಗಿ ಜನ ಮಲಗಿದ ಹೊತ್ತಿನಲ್ಲಿ. ಮೇಲಿನಿಂದ ಬಂದ ಸಂದೇಶವನ್ನು ನಾನು ಹಾಗೆಯೇ ಡಂಗುರ ಸಾರಿಸಿದ್ದೆ: ಜಲಾಶಯದಿಂದ ಇಷ್ಟು ಕ್ಯೂಸೆಕ್ ನೀರು ಬಿಡಲಾಗಿದೆ, ನದಿ ತೀರದವರು ಎಚ್ಚರಿಕೆಯಿಂದಿರಬೇಕು. ಎರಡು ದಿನಗಳ ಮೇಲೆ ಶಾಲೆಯ ಗಂಜಿ ಕೇಂದ್ರದಲ್ಲಿ, ಮನೆ ಬಿದ್ದ ಒಬ್ಬ ಅಜ್ಜಿ ಸಿಟ್ಟಿಲ್ಲದೆಯೇ ಕೇಳಿದರು: "ನೀವು ಸಾರಿಸಿದ್ದು ಕೇಳಿದ್ವಿರೀ ಸಾಹೇಬ್ರ. ನೀರು ನಮ್ಮ ಮನಿ ಮಟ ಬರ್ತೇತೋ ಇಲ್ಲೋ ಅನ್ನೋದು ಅದರಾಗ ಎಲ್ಲಿತ್ತು?"

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ನನಗೆ ಗೊತ್ತಿತ್ತು. ಅದು ಯಾರ ಹೊಸ್ತಿಲು ದಾಟುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ನೀರು ಇಳಿದ ಮೇಲೆ ಗೋಡೆಗಳ ಮೇಲಿನ ಕೆಸರಿನ ಗೆರೆ ಒಣಗಿ ಉದುರುವ ಮೊದಲೇ ಭೂಮಾಪಕರನ್ನೂ ಗ್ರಾಮಲೆಕ್ಕಿಗರನ್ನೂ ಕರೆದುಕೊಂಡು ಊರೂರು ತಿರುಗಿದೆ. ಯಾವ ದಿನ ಜಲಾಶಯದ ಹೊರಹರಿವು ಎಷ್ಟಿತ್ತು, ಅಂದು ನೀರು ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ಎದುರುಬದುರಾಗಿ ಬರೆದು ಒಂದು ನೋಟ್‌ಬುಕ್ ಮಾಡಿದೆ: ಹನುಮಪ್ಪನ ಗುಡಿಯ ಮೂರನೆಯ ಮೆಟ್ಟಿಲು, ಹಿಟ್ಟಿನ ಗಿರಣಿಯ ಕಟ್ಟೆ, ಶಾಲೆಯ ಗೇಟು. ವರ್ಗಾವಣೆಯಾದಲ್ಲೆಲ್ಲ ಹೊಸ ನೋಟ್‌ಬುಕ್ ಶುರುಮಾಡುವುದು ಅಂದಿನಿಂದ ಅಭ್ಯಾಸವಾಯಿತು. 1988ರಲ್ಲಿ ಬರ ಪರಿವೀಕ್ಷಣಾ ಘಟಕವಾಗಿ ಆರಂಭವಾಗಿ ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ಅದರ ಅಂಕಿಗಳು ಇಲ್ಲದಿದ್ದರೆ ನನ್ನ ನೋಟ್‌ಬುಕ್ ಅರ್ಧ ಕುರುಡು. ಆದರೆ ಮೆಟ್ಟಿಲಿನ ಲೆಕ್ಕವನ್ನು ಸ್ಥಳೀಯವಾಗಿಯೇ ಮಾಡಿಕೊಳ್ಳಬೇಕು.

2019ರ ಆಗಸ್ಟ್‌ನಲ್ಲಿ ನಾನು ಕೃಷ್ಣಾ ತೀರದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಆ ಸೀಮೆಯವರು ಮಳೆಗಿಂತ ಹೆಚ್ಚಾಗಿ ಮಹಾರಾಷ್ಟ್ರದ ಕಡೆ ಕಿವಿಗೊಡುತ್ತಾರೆ. ಕೊಯ್ನಾ ಜಲಾಶಯದಿಂದ ಎಷ್ಟು ಬಿಟ್ಟರು, ನರಸೋಬವಾಡಿಯಲ್ಲಿ ದತ್ತನ ಗುಡಿಗೆ ನೀರು ಹೊಕ್ಕಿತೇ ಎಂದು ಅಲ್ಲಿಯ ಬೀಗರಿಗೆ ಫೋನು ಮಾಡಿ ಕೇಳಿಯೇ ಗಂಟುಮೂಟೆ ಕಟ್ಟುವ ಜನ ಅವರು. ಆ ಸಲ ನನಗೆ ಎದುರಾದ ತೊಡಕು ಬೇರೆ. ಹಿಂದಿನ ಬೇಸಿಗೆಯಲ್ಲಿ ಹಿರಿಯರ ನೆನಪನ್ನು ಕೇಳಿ 2005ರ ಪ್ರವಾಹದ ಗುರುತುಗಳಿಗೆ ನಾನೇ ಕೆಂಪು ಬಣ್ಣ ಹಚ್ಚಿಸಿದ್ದೆ. ಈಗ ಒಂದು ಊರಿನಲ್ಲಿ ಹಿರಿಯರು ಅದೇ ಗುರುತನ್ನು ತೋರಿಸಿ, "ಇದಕ್ಕಿಂತ ಮ್ಯಾಲ ಬರಂಗಿಲ್ರೀ" ಎಂದು ಕಟ್ಟೆ ಬಿಟ್ಟು ಏಳಲೇ ಇಲ್ಲ. ಎಚ್ಚರಿಕೆಗೆಂದು ಬರೆಸಿದ ಗೆರೆ ಧೈರ್ಯದ ಗೆರೆಯಾಗಿಬಿಟ್ಟಿತ್ತು. ಹೊಳೆಯ ಮೇಲ್ಭಾಗದಲ್ಲಿರುವ ಸಾಂಗ್ಲಿಯ ಐರ್ವಿನ್ ಸೇತುವೆಯ ಬಳಿ ನೀರು 2005ರ ಮಟ್ಟವನ್ನು ದಾಟಿದೆ ಎಂಬ ಸುದ್ದಿ ಬಂದಾಗ, ಸಾಂಗ್ಲಿಯಲ್ಲಿದ್ದ ಅವರದೇ ಊರಿನ ಮಗಳಿಂದ ಫೋನು ಮಾಡಿಸಿ ಅದನ್ನು ಸ್ಪೀಕರಿನಲ್ಲಿ ಕೇಳಿಸಿದೆ. ನನ್ನ ಮಾತಿಗೆ ಬಾರದವರು ಆಕೆಯ ಮಾತಿಗೆ ಎದ್ದರು.

ಎದ್ದರೂ ಹೊರಡಲಿಲ್ಲ, ಎಮ್ಮೆಗಳನ್ನು ಬಿಟ್ಟು ಬರುವುದು ಹೇಗೆ? ಇದನ್ನು ಮಾತ್ರ ನಾನು ಮೊದಲೇ ಎಣಿಸಿದ್ದೆ. ಹಿಂದಿನ ಜಾಗವೊಂದರಲ್ಲಿ ಕಟ್ಟಿದ ಪುನರ್ವಸತಿ ಮನೆಗಳಿಗೆ ದನ ಕಟ್ಟಲು ಜಾಗವಿಲ್ಲವೆಂದು ಜನ ಮತ್ತೆ ಹಳೆಯ ಊರಿಗೇ ಮರಳಿದ್ದನ್ನು ಕಣ್ಣಾರೆ ಕಂಡಿದ್ದೆ. ಆಗಸ್ಟ್‌ನಲ್ಲಿ ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮು ಇರುವುದಿಲ್ಲವಾದ್ದರಿಂದ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳು ಊರಲ್ಲಿ ಖಾಲಿ ನಿಂತಿರುತ್ತವೆ. ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಸೆಕ್ಷನ್ ಅಡಿ ಅವುಗಳನ್ನು ವಶಕ್ಕೆ ಪಡೆಯುವ ಆದೇಶ ನನ್ನ ಚೀಲದಲ್ಲಿತ್ತು. ಮಾಲೀಕರು ಡೀಸೆಲ್ ಕೊಡುತ್ತೀರಾ ಎಂದಷ್ಟೇ ಕೇಳಿ ತಾವೇ ಹೊರಟು ಬಂದದ್ದರಿಂದ ಅದನ್ನು ಹೊರಗೆ ತೆಗೆಯಬೇಕಾಗಲಿಲ್ಲ. ಎಪಿಎಂಸಿ ಆವರಣದಲ್ಲಿ ಮೊದಲು ದನಗಳಿಗೆ ಕಣಿಕೆ ಮತ್ತು ನೀರು, ಆಮೇಲೆ ಜನರಿಗೆ ಅಡುಗೆ ಎಂಬ ಕ್ರಮಕ್ಕೆ ಕೆಲವು ಸಹೋದ್ಯೋಗಿಗಳು ನಕ್ಕರು. ಮೊದಲ ಎಮ್ಮೆ ಟ್ರೇಲರ್ ಹತ್ತಿದ ಮೇಲೆ ಯಾರನ್ನೂ ಕೈಹಿಡಿದು ಎಬ್ಬಿಸಬೇಕಾಗಲಿಲ್ಲ.

ಪರಿಹಾರದ ಪಟ್ಟಿಯ ಬಗ್ಗೆ ಹೆಚ್ಚು ಬರೆಯಲಾರೆ. ಆ ವರ್ಷ ತುರ್ತು ನೆರವು ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಇತ್ತು. ಅಕ್ಕಪಕ್ಕದ ಎರಡು ಮನೆಗಳು ಹಾನಿಯ ಪ್ರಮಾಣದಲ್ಲಿ ಎ ವರ್ಗವೋ ಬಿ ವರ್ಗವೋ ಎಂಬ ಜಗಳ ಹೊಳೆ ಇಳಿದ ಎಷ್ಟೋ ತಿಂಗಳು ನಡೆಯಿತು. ಪ್ರತಿ ಗೋಡೆಯ ಫೋಟೊವನ್ನು ಮನೆಯವರನ್ನು ನಿಲ್ಲಿಸಿಯೇ ತೆಗೆಯಬೇಕು, ಪಂಚನಾಮೆಯನ್ನು ಅಲ್ಲಿಯೇ ಓದಿ ಹೇಳಿ ಸಹಿ ಪಡೆಯಬೇಕು ಎಂಬ ನಿಯಮವನ್ನು ಮೊದಲ ದಿನದಿಂದಲೇ ಹಿಡಿದಿದ್ದರೆ ಅರ್ಧ ಅರ್ಜಿಗಳು ಬರುತ್ತಿರಲಿಲ್ಲ. ನಾನು ಹಿಡಿದದ್ದು ಎರಡನೆಯ ವಾರದಲ್ಲಿ.

ಮಳೆಗಾಲ ಮುಗಿದ ಮೇಲೆ 2019ರ ಹೊಸ ಗುರುತು ಹಾಕಿಸಲು ಅದೇ ಊರಿಗೆ ಹೋದೆ. ನೀರು ಅತಿ ಎತ್ತರಕ್ಕೆ ನಿಂತದ್ದು ಒಬ್ಬ ರೈತರ ಮನೆಯ ಬಾಗಿಲಿನ ಮೇಲ್ಪಟ್ಟಿಯ ಹತ್ತಿರ. ಬಣ್ಣದ ಡಬ್ಬಿ ತೆರೆಯುತ್ತಿದ್ದಂತೆ ಆತ ಕೈಮುಗಿದರು: "ಇಲ್ಲಿ ಬ್ಯಾಡ್ರೀ ಸಾಹೇಬ್ರ. ಮಗನ ಲಗ್ನ ಐತಿ, ಈ ಗೆರಿ ನೋಡಿದ್ರ ಹೆಣ್ಣು ಕೊಡೋರು ಹೊಳ್ಳಿ ಹೋಗ್ತಾರ." ಭೂಮಾಪಕರು ಅಷ್ಟೇ ಎತ್ತರವನ್ನು ಅಳೆದು, ಎದುರಿನ ವಿದ್ಯುತ್ ಕಂಬದ ಮೇಲೆ ಗೆರೆ ಎಳೆದರು. ನೋಟ್‌ಬುಕ್ಕಿನಲ್ಲಿ ಮಾತ್ರ ಎರಡನ್ನೂ ಬರೆದುಕೊಂಡೆ, ಕಂಬವನ್ನೂ ಬಾಗಿಲನ್ನೂ.