ಮುದುಡಿದ ಸಾಫ್ಟ್ ಕೋರಲ್ ಸತ್ತಿಲ್ಲ, ಸ್ವಲ್ಪ ತಾಳಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕುವ ಮೆತ್ತನೆಯ ಹವಳವೇ ಸಾಫ್ಟ್ ಕೋರಲ್. ಅದರಲ್ಲೊಂದಾದ, ಅಣಬೆ ಆಕಾರದ ನನ್ನ ಮೊದಲ ಟೋಡ್‌ಸ್ಟೂಲ್ ಲೆದರ್ ಕೋರಲ್ ತಂದ ಎರಡನೇ ವಾರಕ್ಕೆ ಪೂರ್ತಿ ಮುದುಡಿಕೊಂಡಿತು. ಪಾಲಿಪ್‌ಗಳೆಲ್ಲ (ಮೈಮೇಲಿನ ಸಣ್ಣ ಹೂವಿನಂಥ ಬಾಯಿಗಳು) ಒಳಗೆ ಹೋಗಿ, ಮೈಯೆಲ್ಲ ಮೇಣ ಸವರಿದ ಹಾಗೆ ಹೊಳೆಯುತ್ತಿತ್ತು. ಗಾಬರಿಯಾಯಿತು. ಲೈಟ್ ಜಾಸ್ತಿ ಮಾಡಿದೆ, ಈ ಕಲ್ಲಿನಿಂದ ಆ ಕಲ್ಲಿಗೆ ಎತ್ತಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಕೈ ಹಾಕುವುದನ್ನೇ ಬಿಟ್ಟು, ನೀರು ಹರಿಸುವ ಪಂಪು, ಅಂದರೆ ಪವರ್‌ಹೆಡ್ಡನ್ನು ಮಾತ್ರ ಸ್ವಲ್ಪ ಅದರ ಕಡೆ ತಿರುಗಿಸಿದೆ. ಕೆಲವು ದಿನಕ್ಕೆ ಆ ಹೊಳೆಯುವ ಪದರ ಅಂಚಿನಲ್ಲಿ ಎದ್ದು, ನೀರಿನಲ್ಲಿ ಪಟಪಟ ಅಲ್ಲಾಡುತ್ತಾ ಕಿತ್ತುಹೋಯಿತು. ಮಾರನೇ ದಿನ ನೋಡಿದರೆ ಪಾಲಿಪ್‌ಗಳು ಹೊರಗೆ!

ಹಾವು ಪೊರೆ ಬಿಡುತ್ತಲ್ವಾ, ಹೆಚ್ಚುಕಡಿಮೆ ಹಾಗೇ. ಮೈಮೇಲೆ ಕೂತ ಪಾಚಿ, ಕೊಳೆಯನ್ನೆಲ್ಲ ಲೆದರ್ ಕೋರಲ್ ಹೀಗೆ ಉದುರಿಸಿಕೊಳ್ಳುತ್ತದೆ. ಒಮ್ಮೊಮ್ಮೆ ಒಂದೆರಡು ವಾರವೂ ಹಿಡಿಯುತ್ತದೆ. ಆ ಸಮಯದಲ್ಲಿ ಅದಕ್ಕೆ ಬೇಕಿರುವುದು ಪದರವನ್ನು ತೊಳೆದುಕೊಂಡು ಹೋಗುವಷ್ಟು ಹರಿವು ಮಾತ್ರ. ಕೊಳೆತ ವಾಸನೆ ಬಂದರೆ, ಮೈ ಕಪ್ಪಾಗಿ ಕರಗುತ್ತಿದ್ದರೆ ಮಾತು ಬೇರೆ. ಆಗ ತಡಮಾಡದೆ ಹಾಳಾದ ಭಾಗವನ್ನು ಹರಿತ ಬ್ಲೇಡಿನಲ್ಲಿ ಕತ್ತರಿಸಿ ತೆಗೆಯಿರಿ.

ನೀರಿನ ವಿಷಯದಲ್ಲಿ ನಾನು ಹೇಳುವುದು ಒಂದೇ: ಅಂಕಿಗಳ ಹಿಂದೆ ಓಡಬೇಡಿ, ಅವು ಏರುಪೇರಾಗದಂತೆ ನೋಡಿಕೊಳ್ಳಿ. ಉಪ್ಪಿನಂಶ (ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ) 1.025ರ ಆಸುಪಾಸು, ಬಿಸಿ 24ರಿಂದ 26 ಡಿಗ್ರಿ ಸೆಲ್ಸಿಯಸ್, ಆಲ್ಕಲಿನಿಟಿ (ನೀರಿನ ಪಿಎಚ್ ಏರುಪೇರಾಗದಂತೆ ತಡೆಯುವ ಶಕ್ತಿ) ಅದರ ಅಳತೆಯಾದ ಡಿಕೆಎಚ್‌ನಲ್ಲಿ 8ರಿಂದ 10 ಇದ್ದರೆ ಆರಾಮ. ನೀರು ಆವಿಯಾದಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟನ್ನು ತುಂಬಲು ಉಪ್ಪಿಲ್ಲದ ಆರ್‌ಒ ಡಿಐ ನೀರನ್ನೇ (ಫಿಲ್ಟರಿನಲ್ಲಿ ಲವಣಗಳನ್ನೆಲ್ಲ ತೆಗೆದ ನೀರು) ಬಳಸಬೇಕು, ಅದೂ ದಿನಾ ಸ್ವಲ್ಪ ಸ್ವಲ್ಪ. ವಾರಕ್ಕೊಮ್ಮೆ ಒಂದು ಬಕೆಟ್ ಸುರಿದರೆ ಉಪ್ಪಿನಂಶ ಒಮ್ಮೆಲೇ ಕುಸಿಯುತ್ತದೆ, ಕೋರಲ್ ಮುಚ್ಚಿಕೊಳ್ಳುತ್ತದೆ. ವಾರಕ್ಕೆ ಸುಮಾರು 10 ಶೇಕಡಾ ನೀರು ಬದಲಿಸಿ, ಹೊಸ ನೀರಿನ ಬಿಸಿ ಮತ್ತು ಉಪ್ಪು ಹಳೆಯದಕ್ಕೆ ಸರಿಹೊಂದಿರಲಿ.

ಇನ್ನೊಂದು, ನೀರು ತೀರಾ ಶುದ್ಧವಾಗಿರಬೇಕು ಅಂತ ಹಠ ಹಿಡಿಯಬೇಡಿ. ಮೀನಿನ ತ್ಯಾಜ್ಯದಿಂದ ಬರುವ ಪೋಷಕಾಂಶಗಳಾದ ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆಗಿಳಿದ ಟ್ಯಾಂಕಿನಲ್ಲಿ ಸಾಫ್ಟ್ ಕೋರಲ್‌ಗಳು ಬಣ್ಣ ಕಳೆದುಕೊಂಡು ಸೊರಗುತ್ತವೆ. ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇವುಗಳ ಮೈಯೊಳಗೇ ಇರುವ ಸಣ್ಣ ಪಾಚಿ ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. ಮೀನು ತಿಂದು ಬಿಟ್ಟಿದ್ದೂ ಸೇರಿದರೆ ಬೇರೆ ಊಟ ಹಾಕಲೇಬೇಕು ಅಂತೇನಿಲ್ಲ.

ಬೆಳಕು ಮಧ್ಯಮ ಸಾಕು. ಹೊಸದಾಗಿ ತಂದದ್ದನ್ನು ಮೊದಲು ಕೆಳಗೆ, ಮಬ್ಬು ಜಾಗದಲ್ಲಿಟ್ಟು, ಒಂದೆರಡು ವಾರದಲ್ಲಿ ನಿಧಾನವಾಗಿ ಮೇಲೆ ತನ್ನಿ. ಹರಿವು ನೇರವಾಗಿ ಬಡಿಯಬಾರದು; ಪಾಲಿಪ್‌ಗಳು ಒಂದೇ ಕಡೆ ಬಾಗಿ ನಿಲ್ಲದೆ ಅತ್ತಿತ್ತ ತೂಗಾಡುತ್ತಿದ್ದರೆ ಸರಿ ಇದೆ ಅಂತ ಅರ್ಥ. ಮಶ್ರೂಮ್‌ಗಳಿಗೆ (ಚಪ್ಪಟೆ ಬಿಲ್ಲೆಯಂಥ ಕೋರಲ್) ಇನ್ನೂ ಕಡಿಮೆ ಹರಿವು ಸಾಕು.

ಹೆಚ್ಚಿನವರು ಎಡವುವುದು ಇಲ್ಲಿ: ಸಾಫ್ಟ್ ಕೋರಲ್‌ಗಳು ನೋಡಲು ಸಾಧು, ಆದರೆ ನೀರಿಗೆ ವಿಷ ಬಿಟ್ಟು ಪಕ್ಕದವರನ್ನು ಹತ್ತಿಕ್ಕುತ್ತವೆ. ಲೆದರ್ ಕೋರಲ್‌ಗಳು ಇದರಲ್ಲಿ ಮುಂದು. ಟ್ಯಾಂಕಿನಲ್ಲಿ ಗಟ್ಟಿ ಹವಳಗಳೂ ಇದ್ದು, ಎಲ್ಲ ಪರೀಕ್ಷೆಯೂ ಸರಿ ಬಂದರೂ ಅವು ಅರಳುತ್ತಿಲ್ಲ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಆ ವಿಷವನ್ನು ಹೀರಿಕೊಳ್ಳಲು ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸಿ. ಕೋರಲ್‌ಗಳ ನಡುವೆ ಜಾಗವನ್ನೂ ಬಿಡಿ. ಇವತ್ತು ಅಂಗೈಯಲ್ಲಿ ಹಿಡಿಸುವ ಲೆದರ್ ಮುಂದೆ ತಟ್ಟೆಯಷ್ಟಾಗುತ್ತದೆ. ಗ್ರೀನ್ ಸ್ಟಾರ್ ಪಾಲಿಪ್ ಮತ್ತು ಜೀನಿಯಾ ಅನ್ನುವ ಸಾಫ್ಟ್ ಕೋರಲ್‌ಗಳನ್ನಂತೂ ಮುಖ್ಯ ಕಲ್ಲುಗಳಿಗೆ ತಾಗದ ಹಾಗೆ ಒಂಟಿ ಕಲ್ಲಿನ ಮೇಲಿಡಿ. ಒಮ್ಮೆ ಹಬ್ಬಿದರೆ ಕೀಳುವುದು ತುಂಬಾ ಕಷ್ಟ.

ಮೀನಿಗೆ ಕಾಯಿಲೆ ಬಂತು ಅಂತ ತಾಮ್ರದ ಔಷಧವನ್ನು ಈ ಟ್ಯಾಂಕಿಗೆ ಯಾವತ್ತೂ ಹಾಕಬೇಡಿ, ಕೋರಲ್‌ಗಳು ಉಳಿಯುವುದಿಲ್ಲ. ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ಔಷಧ ಕೊಡಿ.

ಜೋಆಂಥಿಡ್‌ಗಳು (ಕಲ್ಲಿನ ಮೇಲೆ ಗುಂಪಾಗಿ ಬೆಳೆಯುವ ಬಣ್ಣದ ಪಾಲಿಪ್‌ಗಳು) ನಿಜಕ್ಕೂ ಸಾಫ್ಟ್ ಕೋರಲ್ ಅಲ್ಲ. ಆದರೂ ಎಲ್ಲರೂ ಜೊತೆಗೇ ಸಾಕುತ್ತಾರೆ, ಅದಕ್ಕೆ ಹೇಳಲೇಬೇಕು: ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಭಾರಿ ವಿಷ ಇರುತ್ತದೆ. ಮುಟ್ಟುವಾಗ ಗ್ಲೌಸ್, ಕತ್ತರಿಸುವಾಗ ಕಣ್ಣು ಕಾಯುವ ರಕ್ಷಣಾ ಕನ್ನಡಕ ಕಡ್ಡಾಯ. ಅವು ಅಂಟಿದ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಲೂಬೇಡಿ. ಆ ಆವಿ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು.

ಲೆದರ್ ಚೆನ್ನಾಗಿ ಬೆಳೆದ ಮೇಲೆ ಒಂದು ತುಂಡು ಕತ್ತರಿಸಿ ಇನ್ನೊಂದು ಮಾಡಿಕೊಳ್ಳಬಹುದು. ಅಂಟು ಹಚ್ಚಿದರೆ ಲೋಳೆಗೆ ಜಾರಿಬಿಡುತ್ತದೆ. ಸಣ್ಣ ಕಲ್ಲಿನ ಮೇಲಿಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಸುತ್ತಿ. ಬಿಗಿಯಾದರೆ ಅದೇ ತುಂಡನ್ನು ಕೊಯ್ದುಬಿಡುತ್ತದೆ. ಹರಿವು ಕಡಿಮೆ ಇರುವ ಕಡೆ ಇಟ್ಟರೆ ಎರಡು ಮೂರು ವಾರದಲ್ಲಿ ಕಲ್ಲನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಬ್ಯಾಂಡ್ ತೆಗೆಯಿರಿ. ತಾಯಿ ಕೋರಲ್ ಕೆಲವು ದಿನ ಮುದುಡಿಯೇ ಇರುತ್ತದೆ, ಅದನ್ನು ಮುಟ್ಟಬೇಡಿ.